ಕಾಕಿಯ ಕಣ್ಣು ಮತ್ತು ಕಾಡುಜೋಳ

ಮೊನ್ನೆ ಬೀದರಿನ ನಮ್ಮ ಓಣಿಯಲ್ಲಿ ಯಾರೋ ಚರಂಡಿ ಪಕ್ಕದ ಹುಲ್ಲು ಕಿತ್ತು ಹಾಕಿದ್ದರು. ಹಸಿ ಬೇರು, ಒದ್ದೆ ಮಣ್ಣು, ಮುರಿದ ದಂಟು... ಆ ವಾಸನೆಗೆ ನಾನು ಹಾಲಿನ ಪಾಕೀಟು ಹಿಡಿದು ನಡುರಸ್ತೆಯಲ್ಲೇ ನಿಂತುಬಿಟ್ಟೆ. ಆಟೋದವನೊಬ್ಬ ನನ್ನ ವಂಶದ ಬಗ್ಗೆ ಏನೋ ವಿಚಾರಿಸಿ ಮುಂದೆ ಹೋದ. ನಾನಾಗಲೇ ಖಟಕ ಚಿಂಚೋಳಿಯ ಎರೆಹೊಲದಲ್ಲಿದ್ದೆ, ಪಕ್ಕದ ಮನೆಯ ಕಾಕಿಯ ಹಿಂದೆ.

ಆಗ ನಾನು ಅಲ್ಲಿನ ಶಾಲೆಯಲ್ಲಿ ವಿಜ್ಞಾನದ ಮಾಸ್ತರ. ಜೀವವಿಕಾಸವೆಂಬ ಮಹಾವಿಷಯವನ್ನು ಪರೀಕ್ಷೆಯ ಹಿಂದಿನ ವಾರ ಭಕ್ತಿಯಿಂದ ಓಡಿಸಿ ಮುಗಿಸುತ್ತಿದ್ದೆ. ಕಾಕಿಯಾದರೋ ಹೊಲದ ಕಸ, ಅಂದರೆ ಕಳೆ, ತೆಗೆಯುವುದರಲ್ಲಿ ಊರಿಗೇ ಮಹಾರಾಣಿ. ಜೋಳದ ಸಾಲಿನಲ್ಲಿ ಕಾಡುಜೋಳವೂ ಹುಟ್ಟುತ್ತದೆ. ಕೊಯ್ಲಿಗೆ ಮೊದಲೇ ಕಾಳುದುರಿಸಿ ಮುಂದಿನ ವರ್ಷಕ್ಕೆ ತನ್ನನ್ನು ತಾನೇ ಬಿತ್ತಿಕೊಳ್ಳುವ ಪುಂಡ. ಎಳೆಯದಿದ್ದಾಗ ಅದರ ಬುಡ ಕೆಂಪು, ಊರಜೋಳದ್ದು ಹಸಿರು. ಎಕಂಬಾದಿಂದ ಮದುವೆಯಾಗಿ ಬಂದಂದಿನಿಂದ ಕಾಕಿ ಆ ಕೆಂಪು ಕಂಡಲ್ಲೆಲ್ಲ ಕಳೆ ಕೀಳುವ ಖುರಪಿಯಿಂದ ಮರಣದಂಡನೆ ವಿಧಿಸುತ್ತ ಬಂದಿದ್ದರು.

ಆ ವರ್ಷ ತೆನೆ ಬಂದಾಗ ನೋಡಿದರೆ, ಕಾಕಿ ಕಸ ತೆಗೆದ ಸಾಲುಗಳಲ್ಲೇ ಕಾಡುಜೋಳ ತಲೆಯೆತ್ತಿ ತೂಗುತ್ತಿತ್ತು. ಅವರ ಮಗ ಬದುವಿನ ಮೇಲಿನಿಂದಲೇ ತೀರ್ಪು ಕೊಟ್ಟ:

"ಅವ್ವಾ, ನಿನ್ನ ಕಣ್ಣು ಹೋಗ್ಯಾವ. ಬರೋ ಸರ್ತಿ ಹೊಲಕ್ಕ ಬರಬ್ಯಾಡ, ಮನ್ಯಾಗ ಕೂಡು."

ಕಾಕಿ ಮನೆಗೆ ಬಂದು ಬೇಳೆ ಆರಿಸಲು ಕೂತರು. ಅದರಲ್ಲಿ ಕಲ್ಲಿರಲಿಲ್ಲ. ಆರಿಸುತ್ತಲೇ ಇದ್ದರು...

ನಾನೇ ಅವರನ್ನು ಭಾಲ್ಕಿಗೆ ಕರೆದೊಯ್ದೆ. ಕಣ್ಣಿನ ಡಾಕ್ಟರು ಪರೀಕ್ಷಿಸಿ, ಈಗ ಹಾಕಿರುವ ಚಾಳೀಸೇ ಸಾಕು, ಕಣ್ಣು ನೆಟ್ಟಗಿವೆ ಎಂದರು. ಕಾಕಿ ಇನ್ನಷ್ಟು ಹೆದರಿದರು.

"ಕಣ್ಣು ಛಲೋ ಅವ ಅಂದ್ರ ತಲಿ ಕೆಟ್ಟದೇನ್ರಿ ಮಾಸ್ತರ?"

ವಾಪಸು ಬರುವಾಗ ಬಸ್ಸಿನ ಕಿಟಕಿಯಾಚೆ ಹೊಲಗಳು ನಿದ್ದೆಯಲ್ಲೆಂಬಂತೆ ತೇಲಿ ಹೋಗುತ್ತಿದ್ದವು. ಆಗ, ನಾನು ಓಡಿಸುತ್ತಿದ್ದ ಪಾಠ ತಾನಾಗಿ ಬಂದು ಪಕ್ಕದಲ್ಲಿ ಕೂತಿತು. ಒಂದೇ ತೆನೆಯ ಕಾಳುಗಳೂ ಒಂದೇ ತರಹ ಹುಟ್ಟುವುದಿಲ್ಲ. ಕಾಡುಜೋಳದಲ್ಲೂ ಎಲ್ಲೋ ಕೆಲವಕ್ಕೆ, ಊರಜೋಳದ ಪರಾಗ ಬಿದ್ದೋ ಏನೋ, ಬುಡ ಹಸಿರು. ಕೆಂಪಿನವು ಖುರಪಿಗೆ ಹೋದವು. ಹಸಿರಿನವು ಉಳಿದು, ಕಾಳುದುರಿಸಿ, ತಮ್ಮಂಥವನ್ನೇ ಹೆಚ್ಚಿಸಿದವು. ಹುಲ್ಲು ಯಾವ ಸಂಚನ್ನೂ ಹೂಡಿರಲಿಲ್ಲ. ವರ್ಷ ವರ್ಷವೂ ಆರಿಸಿದ್ದು ಕಾಕಿಯ ಕಣ್ಣೇ.

ಹೇಳಿದೆ. ಕಾಕಿ ಚಾಳೀಸು ತೆಗೆದು ಸೆರಗಿನಿಂದ ಒರೆಸಿದರು.

"ಅಂದ್ರ ನಾ ಮಂದಗಣ್ಣಿನಕಿ ಇದ್ದಿದ್ರ ಹಿಂಗ ಆಗ್ತಿದ್ದಿಲ್ಲ?"

"ಆಗ್ತಿದ್ದಿಲ್ಲ ಕಾಕಿ. ನಿಮ್ಮ ಕಣ್ಣು ಭಾಳ ಚುರುಕು. ಅದಕ್ಕೇ ಹಿಂಗಾಗ್ಯಾದ."

ಬಸ್ಸೆಲ್ಲ ತಿರುಗಿ ನೋಡುವಂತೆ ನಕ್ಕರು. "ನಿಮ್ಮ ಕೈಲಿ ಸಾಲಿ ಹುಡುಗರು ಪಾಸ್ ಆಗಲತ್ತಿಲ್ಲ. ನಾ ನೋಡ್ರಿ, ಹುಲ್ಲಿಗಿ ಪಾಸ್ ಮಾಡ್ಸೀನಿ!"

ಮಗನಿಗೆ ಹೇಳಿದ್ದು ಇಷ್ಟೇ: "ನನ್ನ ಕಣ್ಣು ಅಲ್ಲೋ, ಹುಲ್ಲಿನ ಮಾರಿ ಬದಲಾಗ್ಯಾದ." ಅವನಿಗೆ ಅರ್ಥವಾಗಲಿಲ್ಲ, ಆದರೆ ಆ ದನಿಗೆ ಎದುರಾಡುವ ಧೈರ್ಯವೂ ಬರಲಿಲ್ಲ. ಮುಂದಿನ ಹಂಗಾಮಿನಲ್ಲಿ ಕಾಕಿ ಬಣ್ಣ ನೋಡುವುದನ್ನು ಬಿಟ್ಟು, ಒಂದೊಂದೇ ಎಲೆಯನ್ನು ಒರಟೋ ನುಣುಪೋ ಎಂದು ಬೆರಳಿನಿಂದ ಸವರುತ್ತ ಸಾಲು ಹಿಡಿದರು. ಹುಲ್ಲಿಗೆ ಹೊಸ ಪ್ರಶ್ನೆಪತ್ರಿಕೆ.

ಕಾಕಿ ಹೋಗಿ ವರ್ಷಗಳಾದವು. ಆ ಹೊಲದಲ್ಲೀಗ ಕಬ್ಬು. ಬದುವಿನ ಮೇಲೆ ಕಾಡುಜೋಳ ಇನ್ನೂ ಹುಟ್ಟುತ್ತಿರಬಹುದು... ಕೆಂಪಾಗಿಯೋ, ಹಸಿರಾಗಿಯೋ, ತನಗೆ ತೋಚಿದಂತೆ. ಕುಕ್ಕರಗಾಲಿನಲ್ಲಿ ಕೂತು ಅದನ್ನು ಅಷ್ಟು ಹತ್ತಿರದಿಂದ ನೋಡುವವರು ಈಗ ಯಾರೂ ಇಲ್ಲ.