ಕೈಗೆ ಬಂದ ನಲ್ಲಿ

ನಲ್ಲಿ ಕೊಳ್ಳುವಾಗ ಮೊದಲು ಅಂಗೈಯಲ್ಲಿಟ್ಟು ತೂಗಿ ನೋಡಬೇಕು. ಹೊಳಪಿಗೆ ಮರುಳಾಗಬಾರದು. ಗಟ್ಟಿ ಹಿತ್ತಾಳೆಯಾದರೆ ಕೈ ಕೆಳಗೆ ಜಗ್ಗುತ್ತದೆ, ಬರೀ ಮೇಲಿನ ಲೇಪವಾದರೆ ಮಕ್ಕಳ ಆಟಿಕೆಯ ಹಾಗೆ ಹಗುರಾಗಿರುತ್ತದೆ. ನಾನಂತೂ ಜೇಬಿನಲ್ಲಿ ಒಂದು ಚೂರು ಅಯಸ್ಕಾಂತ ಇಟ್ಟುಕೊಂಡೇ ಅಂಗಡಿಗೆ ಹೋಗುವವನು. ಅದು ಅಂಟಿಕೊಂಡಿತೋ, ಮುಂದೆ ಮಾತೇ ಬೇಡ, ಎದ್ದು ಬನ್ನಿ. ಧರ್ಮಪುರದ ಕಡೆ ಶೇಂಗಾ ಮೂಟೆಯ ತಳದವರೆಗೂ ಕೈ ಹಾಕಿ, ಕಾಯಿ ಒಡೆದು, ಬೀಜ ಕಡಿದು ನೋಡಿ ರೇಟು ಹೇಳುವುದನ್ನು ಕಲಿತವನು ನಾನು. ಹಿರಿಯೂರಿನಲ್ಲಿ ಇನ್ನೊಬ್ಬರ ಮಂಡಿಯ ಕಸ ಗುಡಿಸುತ್ತಿದ್ದವನು ಚಿತ್ರದುರ್ಗದಲ್ಲಿ ಸ್ವಂತ ಮನೆ ಕಟ್ಟಿಸಿದೆನೆಂದರೆ ಅದು ಮಾಲು ನೋಡುವ ಈ ಕಣ್ಣಿನಿಂದಲೇ. ಅಂಥವನ ಮನೆಯ ಬಚ್ಚಲಲ್ಲಿ ಒಂದು ನಲ್ಲಿ ನೆಟ್ಟಗೆ ನಿಲ್ಲುತ್ತಿರಲಿಲ್ಲ.

ನಲ್ಲಿ ಒಂದೇ ಆಗಿದ್ದರೆ ಸುಮ್ಮನಿರುತ್ತಿದ್ದೆ. ಬಚ್ಚಲುಮನೆಯಲ್ಲಿ ಟವೆಲ್ ಹಾಕುವ ಸರಳು ಗಾರೆಯ ಸಮೇತ ಕಿತ್ತು ಬಂತು. ಊಟದ ಮೇಜಿನ ಒಂದು ಕಾಲು, ಅದೂ ಗೋಡೆಯ ಕಡೆಯದು, ಅಲ್ಲಾಡತೊಡಗಿತು. ಅವ್ವನ ಕೋಣೆಯ ಬಾಗಿಲ ಹಿಡಿಕೆ ಜೋತುಬಿತ್ತು. ಬಿಗಿಸಿದರೆ ತಿಂಗಳೊಪ್ಪತ್ತು ಇರುತ್ತಿತ್ತು, ಮತ್ತೆ ಅದೇ ಕತೆ.

ಕಾರಣ ಹುಡುಕುವುದರಲ್ಲಿ ನಾನು ಹಿಂದೆ ಬಿದ್ದವನಲ್ಲ. ನಮ್ಮ ಬೋರಿನ ನೀರು ಗಡಸು, ನಲ್ಲಿಯ ಒಳಗೆ ಸುಣ್ಣದ ಹಾಗೆ ಕಟ್ಟಿಕೊಳ್ಳುತ್ತದೆ. ತಿರುಗಿಸಲು ಬಲ ಹಾಕಬೇಕು, ಬಲ ಹಾಕಿದರೆ ಒಳಗಿನ ಪ್ಲಾಸ್ಟಿಕ್ ಪೈಪು ಬಿರಿಯುತ್ತದೆ. ಈಗಿನ ಗೋಡೆಯ ಇಟ್ಟಿಗೆ ಟೊಳ್ಳು, ಸ್ಕ್ರೂ ಹಿಡಿಯುವುದಿಲ್ಲ. ಮೇಜು ಎಂದು ಮಾರುವುದು ಮರದ ಪುಡಿಯನ್ನು ಒತ್ತಿ ಮಾಡಿದ ಹಲಗೆ, ಸ್ವಲ್ಪ ನೀರು ತಾಗಿದರೆ ಉಬ್ಬುತ್ತದೆ. ಇವೆಲ್ಲ ನಿಜವೇ, ಮನೆ ಕಟ್ಟಿಸುವವರು ನೆನಪಿಟ್ಟುಕೊಳ್ಳಿ. ಆದರೆ ಅಡುಗೆಮನೆಯಲ್ಲೂ ಅದೇ ನೀರು, ಅದೇ ಗೋಡೆ, ಅದೇ ಅಂಗಡಿಯ ನಲ್ಲಿ. ಅದು ಮಾತ್ರ ಕದಲಿರಲಿಲ್ಲ. ಅದು ಯಾಕೆ ಎಂದು ಕೇಳಿಕೊಳ್ಳದೆ ನಾನು ಅಂಗಡಿಯವನ ಮೇಲೆ ಹೋದೆ.

ಕಿತ್ತ ನಲ್ಲಿಯನ್ನು ಕಾಗದದಲ್ಲಿ ಸುತ್ತಿಕೊಂಡು ಹೋಗಿ ಅವನ ಕಟ್ಟೆಯ ಮೇಲಿಟ್ಟು, ಬೇರೆ ಗಿರಾಕಿಗಳಿಗೂ ಕೇಳುವ ಹಾಗೆ ಮಾತಾಡಿದೆ. ಗಿರಾಕಿಗಳ ಎದುರು ದನಿ ಏರಿಸಿದರೆ ಅಂಗಡಿಯವರು ಬೇಗ ದಾರಿಗೆ ಬರುತ್ತಾರೆ. ಅವನು ಬದಲಿ ಕೊಟ್ಟ. ಮುಂದಿನ ಸಲವೂ ಕೊಟ್ಟ. ಆಮೇಲಿನ ಸಲ ನಲ್ಲಿಯನ್ನು ತಿರುವಿ ಮುರುವಿ ನೋಡಿ, ಬಾಗಿದ ಕುತ್ತಿಗೆಯನ್ನು ಬೆರಳಿನಿಂದ ತೋರಿಸಿದ.

"ಯಜಮಾನ್ರೆ, ಇದು ತಿರುಗ್ಸಿ ಹಾಳಾಗಿದ್ದಲ್ಲ. ಕೆಳಗೆ ಜಗ್ಗಿದ್ದು. ನಲ್ಲಿಗೆ ಎಮ್ಮೆ ಕಟ್ತೀರೇನ್ರಿ?"

ಅಂಗಡಿ ತುಂಬ ನಗು. ನಾನು ಬೆವರೊರೆಸಿಕೊಂಡು ಮನೆಗೆ ಬಂದು ಎಲ್ಲರನ್ನೂ ವಿಚಾರಿಸಿದೆ. ಹೆಂಡತಿ ಸೊಪ್ಪು ಸೋಸುತ್ತ ತಲೆ ಎತ್ತಲಿಲ್ಲ. ಈಗಿನ ಮಾಲೇ ಹೀಗೆ, ಮತ್ತೋಡಿನಲ್ಲಿ ತಾನು ಬಾಳುವೆ ಮಾಡಿದಾಗ ಒಂದೂ ಮುರಿದಿರಲಿಲ್ಲ ಎಂದಳು ಅವ್ವ. ಮತ್ತೋಡಿನ ಮನೆಯಲ್ಲಿ ಮುರಿಯಲು ಇದ್ದದ್ದಾದರೂ ಏನು? ಕಲ್ಲಿನ ಕಂಬ, ನೆಲದಲ್ಲಿ ಹುಗಿದ ಒರಳು.

ಅವ್ವನಿಗೆ ಎಲ್ಲವೂ ನೆಲದ ಮೇಲೇ ಆಗಬೇಕು. ಕುರ್ಚಿಯಲ್ಲಿ ಕೂತರೆ ಮುದ್ದೆ ಗಂಟಲಿಗೆ ಇಳಿಯುವುದಿಲ್ಲ ಎಂದು ಮೇಜಿನ ಪಕ್ಕ ಕೆಳಗೆ ಕೂತು ಉಣ್ಣುತ್ತಾಳೆ. ತನ್ನ ಸೀರೆ ಮಾತ್ರ ಮೆಷಿನ್ನಿಗೆ ಹಾಕಲು ಬಿಡುವುದಿಲ್ಲ. ಬಚ್ಚಲಲ್ಲಿ ಮಣೆಯ ಮೇಲೆ ಕೂತು ತಾನೇ ಕುಕ್ಕಿ ಹಿಂಡುತ್ತಾಳೆ.

ಒಂದು ಬೆಳಿಗ್ಗೆ ಬಚ್ಚಲಿನಿಂದ ನೀರು ಗೋಡೆಗೆ ಅಪ್ಪಳಿಸುವ ಸದ್ದು ಬಂತು. ಓಡಿ ಹೋಗಿ ನೋಡಿದರೆ ಗೋಡೆಯ ತೂತಿನಿಂದ ನೀರು ಬುಗ್ಗೆಯಾಗಿ ಹಾರುತ್ತಿತ್ತು. ಅವ್ವ ಮಣೆಯ ಮೇಲೆ ತಲೆಯಿಂದ ಕಾಲಿನವರೆಗೂ ನೆನೆದು ಕೂತಿದ್ದಳು. ಕೈಯಲ್ಲಿ ನಲ್ಲಿ.

"ನೋಡಪ್ಪ, ಈ ನಲ್ಲಿನೂ ಸರಿ ಇಲ್ಲ. ಎಷ್ಟಕ್ಕೆ ತಂದೆ ಇದನ್ನ?" ಎಂದಳು.

ತಾರಸಿಗೆ ಹತ್ತಿ ವಾಲ್ವ್ ಬಂದ್ ಮಾಡಿ ಇಳಿದು ಬಂದೆ. ಅವ್ವ ಇನ್ನೂ ಹಾಗೇ ಕೂತಿದ್ದಳು. ಎದ್ದು ಬಾ, ಚಳಿಯಾಗುತ್ತದೆ ಎಂದೆ. ಸೀರೆ ಹಿಂಡಿಕೊಂಡು ಬರುತ್ತೇನೆ, ನೀನು ಹೋಗು ಎಂದಳು. ಹಿಂಡಿದ ಸೀರೆ ಆಗಲೇ ಬಕೆಟ್ಟಿನಲ್ಲಿತ್ತು. ನಾನು ನಿಂತೇ ಇದ್ದೆ, ಅವಳು ಕೂತೇ ಇದ್ದಳು. ಹಿಡಿದು ಏಳಬೇಕಾದ ನಲ್ಲಿ ಅವಳ ಕೈಯಲ್ಲೇ ಇತ್ತು, ಇನ್ನು ಏನನ್ನು ಹಿಡಿದು ಎದ್ದಾಳು? ಸರಳು, ಮೇಜಿನ ಕಾಲು, ಬಾಗಿಲ ಹಿಡಿಕೆ, ಎಲ್ಲವೂ ಕೆಳಗೆ ಕೂತವರ ಕೈಗೆ ಎಟಕುವಂಥವು. ಅಡುಗೆಮನೆಯ ನಲ್ಲಿ ಮಾತ್ರ ಎತ್ತರ.

ಅಷ್ಟರಲ್ಲಿ ಹೆಂಡತಿ ಬಂದು ನನ್ನನ್ನು ಪಕ್ಕಕ್ಕೆ ಸರಿಸಿ ಒಳಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡಳು. ಆಮೇಲೆ ಅಡುಗೆಮನೆಯಲ್ಲಿ ಸಣ್ಣ ದನಿಯಲ್ಲಿ ಹೇಳಿದಳು, "ನಂಗೆ ಮೊದ್ಲೇ ಗೊತ್ತಿತ್ತು ಕಣ್ರಿ. ಹೇಳ್ಬೇಡ ಅಂತ ಅತ್ತೆ ಆಣೆ ಹಾಕಿಸ್ಕಂಡಿದ್ರು."

ಮೈಯೆಲ್ಲ ಉರಿಯಿತು. ಅಂಗಡಿಯಲ್ಲಿ ನಾನು ಗಂಟಲು ಹರಿದುಕೊಳ್ಳುತ್ತಿದ್ದಾಗ ನನ್ನ ಮನೆಯಲ್ಲೇ ಎಲ್ಲರಿಗೂ ಗೊತ್ತಿದೆ, ಗೊತ್ತಿಲ್ಲದವನು ನಾನೊಬ್ಬನೇ. ಅವ್ವನ ಎದುರು ಹೋಗಿ ಕೂತು ವ್ಯಾಪಾರಕ್ಕಿಳಿದೆ. ದಾವಣಗೆರೆಯಲ್ಲಿ ಮೊಣಕಾಲಿನ ಡಾಕ್ಟರಿಗೆ ತೋರಿಸೋಣ ಎಂದೆ, ಒಪ್ಪಲಿಲ್ಲ. ಬೇಡವಾದರೆ ಒಂದು ಕೋಲಾದರೂ ಹಿಡಿ ಎಂದೆ. ಅವ್ವ ಸೆರಗಿನ ಅಂಚನ್ನು ನೀವಿಕೊಂಡಳು.

"ಭರಮಸಾಗರದಾಗೆ ನಮ್ಮಕ್ಕ ಕೋಲು ಹಿಡಿದ್ಲಲ್ಲ, ಆವತ್ತಿಂದ ಅವಳ ತಟ್ಟೆ ಮಂಚಕ್ಕೇ ಬರ್ತೈತೆ. ಒಲೆ ಹತ್ರ ಬಿಡಲ್ಲ. ಮುದ್ದೇನೂ ಸಣ್ಣದು ಮಾಡವ್ರೆ. ನಂಗೆ ಕೋಲು ತರಬ್ಯಾಡ."

"ಬಿದ್ರೆ ಏನ್ ಮಾಡ್ತೀಯವ್ವ?"

"ಬಿದ್ದಾಗ ನೋಡಾಣ."

ಎಂಥೆಂಥ ಜಿಗುಟು ರೈತರಿಂದ ರೇಟು ಇಳಿಸಿದವನು ನಾನು, ಇವಳಿಂದ ಒಂದು ಕಾಳಿನಷ್ಟೂ ಇಳಿಸಲಾಗಲಿಲ್ಲ. ಸರಿ, ಕೇಳದೇ ಮಾಡಿದರಾಯಿತೆಂದು ಆಸ್ಪತ್ರೆಗಳಲ್ಲಿ ಇರುವಂಥ ಸ್ಟೀಲಿನ ಹಿಡಿಕೆಯೊಂದನ್ನು ತಂದು ಬಚ್ಚಲಿನ ಗೋಡೆಗೆ ಹಾಕಿಸಿದೆ. ಅವ್ವ ಅದರ ಮೇಲೆ ಒದ್ದೆ ಸೀರೆ ಹರವಿದಳು. ಏಳುವಾಗ ಮಾತ್ರ ಹೊಸ ನಲ್ಲಿಯೇ ಬೇಕು. ರೋಗಿಗಳ ಹಿಡಿಕೆ ಹಿಡಿದರೆ ರೋಗಿಯಾದಂತೆ, ನಲ್ಲಿ ಹಿಡಿದರೆ ಯಾರು ಏನೆನ್ನುತ್ತಾರೆ?

ಇನ್ನು ಉಳಿದದ್ದು ಒಂದೇ ದಾರಿ. ಅವಳು ಹಿಡಿಯುವುದನ್ನು ಬಿಡಿಸಲಾಗದಿದ್ದರೆ ಹಿಡಿದದ್ದು ಕಿತ್ತು ಬರದ ಹಾಗಾದರೂ ಮಾಡಬೇಕು. ಗೋಡೆ ಒಡೆಸಿ, ಪ್ಲಾಸ್ಟಿಕ್ ತೆಗೆಸಿ, ಕಬ್ಬಿಣದ ಪೈಪು ಹಾಕಿಸಿ, ಎರಡೂ ಕಡೆ ಪಟ್ಟಿ ಬಿಗಿಸಿ ಕಾಂಕ್ರೀಟು ತುಂಬಿಸಿದೆ. ನಲ್ಲಿ ಕೆಲಸದವನು ಇಡೀ ದಿನ ಗೊಣಗಿದ. ಟವೆಲ್ ಸರಳನ್ನು ಹೊಳಲ್ಕೆರೆಯ ವೆಲ್ಡಿಂಗ್ ಅಂಗಡಿಯಲ್ಲಿ ಮಾಡಿಸಿದೆ, ಅದರ ಬಾಲ ಗೋಡೆಯೊಳಗೆ ಗೇಣುದ್ದ ಹೋಗುವ ಹಾಗೆ. ಮೇಜಿನ ಕಾಲನ್ನು ಗೋಡೆಗೇ ಬಿಗಿಸಿದೆ. ನಲ್ಲಿಗೆ ಮತ್ತೆ ಅದೇ ಅಂಗಡಿಗೆ ಹೋಗಿ, ಇರುವುದರಲ್ಲೇ ಭಾರದ್ದನ್ನು ಕೇಳಿ, ಚೌಕಾಸಿ ಮಾಡದೆ ಎತ್ತಿಕೊಂಡೆ. ಅಂಗಡಿಯವನು ನನ್ನ ಮುಖ ನೋಡಿ ಕೇಳಿದ, "ಯಾಕ್ರಿ ಯಜಮಾನ್ರೆ, ಮೈಯಾಗೆ ಹುಷಾರಿಲ್ವ?"

ಗಾರೆ ಒಣಗಿದ ಮೇಲೆ ಅವ್ವ ಸೀರೆ ಒಗೆಯಲು ಕೂತಳು. ನಾನು ಆಚೆ ನಿಂತು ಬಕೆಟ್ಟು ತುಂಬಿಸುವವನ ಹಾಗೆ ನಟಿಸಿದೆ. ಮೊದಲ ಸಲ ಅರ್ಧ ಎದ್ದು ಮತ್ತೆ ಕೂತಳು. ಎರಡನೆಯ ಸಲ ಎದ್ದಳು. ನಲ್ಲಿ ಮಿಸುಕಲಿಲ್ಲ, ಮೊಣಕಾಲು ಲಟಕ್ಕೆಂದದ್ದು ನನ್ನವರೆಗೂ ಕೇಳಿಸಿತು. ಈ ಸಲ ಒಳ್ಳೆ ಮಾಲು ತಂದಿದ್ದೀಯ ಎಂದು ಹೇಳಿ ಬಕೆಟ್ಟು ಹಿಡಿದು ಹೋದಳು. ಒಳ್ಳೆ ಮಾಲಂತೆ. ಆ ಮೊಣಕಾಲಿಗೆ ಹಾಕಲು ಯಾವ ಅಂಗಡಿಯಲ್ಲಿ ಏನು ತರಲಿ ನಾನು?

ಈಗ ದೇವರ ಕೋಣೆಯ ಚಿಲಕ ಸಡಿಲಾಗಿದೆ. ನಿನ್ನೆ ಸಂಜೆ ಪೂಜೆ ಮುಗಿಯುವ ಹೊತ್ತಿಗೆ ಹೋಗಿ, ನನ್ನ ಹೆಗಲಾದರೂ ಹಿಡಿಯಲಿ ಎಂದು ಬಾಗಿಲ ಪಕ್ಕದಲ್ಲೇ ಪೇಪರು ಹಿಡಿದು ಕೂತೆ. ಅವ್ವ ತಿರುಗಿ ನೋಡಿದಳು. ವಿಭೂತಿ ಗಟ್ಟಿಯನ್ನು ಮತ್ತೆ ಕೈಗೆ ತೆಗೆದುಕೊಂಡು, ಮುಗಿದ ಪೂಜೆಯನ್ನು ಮೊದಲಿನಿಂದ ಶುರು ಮಾಡಿದಳು. ನಾನು ಏಳುವವರೆಗೂ ಅದು ಮುಗಿಯುವುದಿಲ್ಲವೆಂದು ಗೊತ್ತಾಗಿ ಎದ್ದು ಹಾಲಿಗೆ ಬಂದೆ. ಸ್ವಲ್ಪ ಹೊತ್ತಿಗೆ ಚಿಲಕ ಕಿರುಗುಟ್ಟಿತು. ಬಿದ್ದ ಸದ್ದು ಬರಲಿಲ್ಲ.

ಆ ಬಾಗಿಲು ಹಗುರ ಮರದ್ದು. ಅಂಥದಕ್ಕೆ ಎಷ್ಟು ಉದ್ದದ ಸ್ಕ್ರೂ ಹಾಕಿದರೂ ಪ್ರಯೋಜನವಿಲ್ಲ, ಆಚೆಯಿಂದ ಈಚೆಗೆ ಬೋಲ್ಟು ಹಾಯಿಸಿ, ಹಿಂದೆ ಅಗಲವಾದ ತಗಡು ಕೊಟ್ಟು ನಟ್ಟು ಬಿಗಿಯಬೇಕು. ಬೋಲ್ಟು ತರಲು ಹೊರಟಿದ್ದೇನೆ.