ಕುರ್ಚಿಗೆ ಕಟ್ಟಿದ ಬಸವಂತಪ್ಪ

ಲಂಡನ್ನಿನ ಕ್ರೋಯ್ಡನ್‌ನ ಬಸವಂತಪ್ಪ ಕೊನೆಯ ಸಲ ಕೂತದ್ದು ಮದುವೆಯ ಹಸೆಮಣೆಯ ಮೇಲೆ. ಅಲ್ಲೂ ಅಕ್ಷತೆ ಬೀಳುವ ಮೊದಲೇ ಎರಡು ಸಲ ಎದ್ದಿದ್ದನಂತೆ. ಟ್ರ್ಯಾಮಿನಲ್ಲಿ ಸೀಟು ಖಾಲಿ ಇದ್ದರೂ ವಿಂಬಲ್ಡನ್‌ವರೆಗೆ ನಿಂತೇ ಹೋಗುತ್ತಾನೆ. ಅವನು ಹತ್ತಿದ ದಿನ ಟ್ರ್ಯಾಮು ಗಾಬರಿಯಿಂದ ಹತ್ತು ನಿಮಿಷ ಮೊದಲೇ ಮುಟ್ಟುತ್ತದೆ.

ವಿಜಯಪುರದಲ್ಲಿ ಕಬಡ್ಡಿ ಆಡಿ ಬೆಳೆದವನು ಹರೆಯದಲ್ಲಿ ಇಲ್ಲಿಗೆ ಬಂದ. ಒಂದು ಭಾನುವಾರ ಪಾರ್ಕಿನಲ್ಲಿ ರಗ್ಬಿ ಲೀಗ್ ಕಂಡ. ಒಂದೊಂದು ಕಡೆ ಹದಿಮೂರು ಜನ. ಚೆಂಡು ಹಿಡಿದು ಓಡುವವನನ್ನು ಎದುರಿನವರು ಕೆಡವುತ್ತಾರೆ. ಗೆರೆಯಾಚೆ ಚೆಂಡು ನೆಲಕ್ಕೊತ್ತಿದರೆ ನಾಲ್ಕು ಅಂಕ. ಆರು ಸಲ ಬಿದ್ದರೂ ಗೆರೆ ಮುಟ್ಟದಿದ್ದರೆ ಚೆಂಡು ಎದುರಿನವರಿಗೆ.

"ಇದು ನಮ್ಮ ಕಬಡ್ಡಿನ ಅದ. ಪಾಪ, ಕೈ ಖಾಲಿ ಇರಬಾರದಂತ ಒಂದ್ ಚೆಂಡು ಕೊಟ್ಟಾರ," ಎಂದು ಅಂದೇ ಕ್ಲಬ್ಬು ಸೇರಿದ.

ಮೊದಲ ಪಂದ್ಯದಲ್ಲಿ ಚೆಂಡು ಸಿಕ್ಕದ್ದೇ ತಡ, "ಕಬಡ್ಡಿ ಕಬಡ್ಡಿ" ಎನ್ನುತ್ತ ಒಂದೇ ಉಸಿರಿನಲ್ಲಿ ನುಗ್ಗಿ, ಮೂವರು ಎದುರಾಳಿಗಳನ್ನು ಮುಟ್ಟಿ, ಮೂವರೂ ಔಟಾದರೆಂಬ ಹೆಮ್ಮೆಯಲ್ಲಿ ತಿರುಗಿ ತನ್ನದೇ ಗೆರೆಗೆ ಓಡಿಬಂದ. ಅವನನ್ನು ಕೆಡವಲು ಅವನ ತಂಡದವರೇ ಬೆನ್ನಟ್ಟಬೇಕಾಯಿತು.

ಮುಂದೆ ಇಪ್ಪತ್ತು ವರ್ಷ ಆಡಿದ. ಅವನು ಬಿದ್ದ ಜಾಗಗಳಲ್ಲಿ ಈಗಲೂ ಮಳೆನೀರು ನಿಂತು ಬಾತುಕೋಳಿಗಳು ಸಂಸಾರ ಹೂಡಿವೆ. ಮಂಡಿ ಸವೆದು ಆಟ ನಿಂತ ಮೇಲೆ ಮೈದಾನದ ಅಂಚಿನಲ್ಲಿ ಕೂಗತೊಡಗಿದ. ಕೂಗು ಹೇಗೂ ನಿಲ್ಲದೆಂದು ಕ್ಲಬ್ಬಿನವರು ಮೈಕು ಕೊಟ್ಟರು. ಇಂಟರ್ನೆಟ್ಟಿನಲ್ಲಿ ಪಂದ್ಯ ತೋರಿಸುವಾಗ ಕನ್ನಡ ಕಾಮೆಂಟರಿ ಅವನದು. ಹ್ಯಾರೋದಲ್ಲೂ ಇಲ್ಫರ್ಡ್‌ನಲ್ಲೂ ರಗ್ಬಿಯ ಗಂಧಗಾಳಿಯಿಲ್ಲದ ಕನ್ನಡಿಗರು ರೊಟ್ಟಿ ಹೊತ್ತುವವರೆಗೂ ಕೇಳುತ್ತಿದ್ದರು.

ಆದರೆ ಆಟ ಬಿಸಿಯೇರಿದರೆ ಮಾತಾಡುತ್ತಲೇ ಎದ್ದು ಕುಂಟುತ್ತ ಓಡುತ್ತಿದ್ದ. ಹೋದ ಸಲ ಕ್ಯಾಮರಾದ ಸ್ಟ್ಯಾಂಡನ್ನೇ ಕೆಡವಿದ. ನೋಡುಗರು ಅರ್ಧ ಗಂಟೆ ಮೋಡ ನೋಡಿದರು.

ಪ್ರಸಾರ ನೋಡಿಕೊಳ್ಳುವ ಸೃಷ್ಟಿ, ಬೆಂಗಳೂರಿನವರ ಮಗಳು, ಫೈನಲ್ ದಿನ ಹೇಳಿಯೇಬಿಟ್ಟಳು: "ಅಂಕಲ್, ಇರೋದು ಒಂದೇ ಕ್ಯಾಮರಾ. ಇವತ್ತು ಚೇರ್ ಬಿಟ್ಟು ಎದ್ರೆ ನೆಕ್ಸ್ಟ್ ಸೀಸನ್ ಮೈಕ್ ಬೇರೆಯವರಿಗೆ."

ಮೈಕು ಹೋದರೆ ಅವನಿಗೆ ಉಳಿಯುವುದು ಮಂಡಿನೋವೊಂದೇ. ಹೆಂಡತಿ ಸುಶೀಲಾಬಾಯಿ ಹಳೆಯ ಧೋತರ ತಂದು ಅವನ ಸೊಂಟವನ್ನು ಕುರ್ಚಿಗೆ ಬಿಗಿದಳು.

"ಏನ ಇದು, ಎತ್ತು ಕಟ್ಟಿದಂಗ?"

"ಎತ್ತಾಗಿದ್ರ ಒಂದ್ ಮೂಗುದಾರ ಸಾಕಿತ್ರಿ. ಸುಮ್ಮ ಕೂಡ್ರಿ."

ಕೂತ. ಕಾಲು ಮೇಜಿನಡಿ ತಬಲಾ ಬಾರಿಸಿತು, ಚಹಾ ಚೆಲ್ಲಿತು. ದನಿ ಮಾತ್ರ ಸತ್ತುಹೋಯಿತು. "ಚೆಂಡು ಎಡಕ್ಕೆ ಹೋಯಿತು. ಒಬ್ಬರು ಬಿದ್ದರು. ಮತ್ತೊಬ್ಬರು ಬಿದ್ದರು." ಬಿದ್ದವರಿಗೆ ಶ್ರದ್ಧಾಂಜಲಿ ಸಲ್ಲಿಸಿದಂತಿತ್ತು.

ಇಲ್ಫರ್ಡ್‌ನ ಮುದುಕಿ ನಾಗವ್ವ ಸುಶೀಲಾಬಾಯಿಗೆ ಫೋನು ಹಚ್ಚಿದಳು. "ನಿಮ್ಮನಿಯವ್ರಿಗೆ ಆರಾಮಿಲ್ಲೇನ? ನನ್ನ ಕಣ್ಣಾಗ ಪೊರಿ ಬಂದೈತಿ. ಅವರು ಓಡಿದ್ರನ ನನಗ ಆಟ ಕಾಣ್ತದವಾ."

ಸೃಷ್ಟಿಗೆ ಕೇಳಲೆಂದೇ ಸುಶೀಲಾಬಾಯಿ ಫೋನಿನ ದನಿ ಏರಿಸಿದಳು. ಸೃಷ್ಟಿ ಕ್ಯಾಮರಾ ಬಿಟ್ಟು ಕತ್ತೆತ್ತಲಿಲ್ಲ.

ಕೊನೆಯ ನಿಮಿಷ. ನಮ್ಮವರು ಎರಡು ಅಂಕ ಹಿಂದೆ, ಐದು ಸಲ ಬಿದ್ದಾಗಿದೆ. ಅಂಚಿನ ಆಟಗಾರ ಸುಶಾಂತ ಚೆಂಡು ಹಿಡಿದು ಗೆರೆಯತ್ತ ಹೊರಟ. ಬಸವಂತಪ್ಪ ಹೆಂಡತಿಯ ಮುಖ ನೋಡಿದ. ಅವಳು ಬಗ್ಗಿ ಗಂಟು ಎಳೆದಳು.

"ಹೋಗ್ರಿ. ಮೈಕ್ ಹೋದ್ರ ಹೋಗವಲ್ದ್ಯಾಕ."

ಗಂಟು ಬಿಚ್ಚುವ ಬದಲು ಇನ್ನಷ್ಟು ಬಿಗಿಯಿತು. ಅವನು ಕಾಯಲಿಲ್ಲ, ಕುರ್ಚಿಯ ಸಮೇತ ಎದ್ದು, ಬೆನ್ನ ಹಿಂದೆ ನಾಲ್ಕು ಕಾಲು ಹೊತ್ತು, ಸುಶಾಂತನ ಜೊತೆಜೊತೆಗೇ ಓಡಿದ. ಒಬ್ಬನನ್ನು ತಪ್ಪಿಸಿದ್ದು, ಇನ್ನೊಬ್ಬನ ಕೈ ಜಾರಿದ್ದು, ಗೆರೆಯಾಚೆ ಚೆಂಡು ನೆಲಕ್ಕೊತ್ತಿದ್ದು, ಎಲ್ಲವನ್ನೂ ಒಂದೇ ಉಸಿರಿನಲ್ಲಿ ಹೇಳಿದ. ನಡುವೆ ಎಲ್ಲೋ ಕುರ್ಚಿಯ ಕಾಲು ತಾಗಿ ಕ್ಯಾಮರಾ ಉರುಳಿತ್ತು. ಗೆದ್ದ ಕ್ಷಣದಲ್ಲಿ ಎಲ್ಲರ ಪರದೆಯ ಮೇಲೂ ಗ್ಯಾಟ್ವಿಕ್‌ನ ವಿಮಾನ. ಆಟವನ್ನು ಕಂಡವಳು ನಾಗವ್ವ ಒಬ್ಬಳೇ.

ಸೃಷ್ಟಿ ಕ್ಯಾಮರಾ ಎತ್ತಿ ಮಣ್ಣು ಒರೆಸಿದಳು.

"ಕುರ್ಚಿ ಬಿಟ್ಟಿಲ್ಲವ್ವಾ ನಾ," ಎಂದ ಬಸವಂತಪ್ಪ, ಏದುಸಿರು ಬಿಡುತ್ತ.

"ಕಾಣ್ತಿದೆ ಅಂಕಲ್. ನೆಕ್ಸ್ಟ್ ಸೀಸನ್ ರೇಡಿಯೋ ಥರ ಬರೀ ದನಿ. ಕ್ಯಾಮರಾ ತರಲ್ಲ."

"ಮೈಕು?"

"ನಿಮ್ಮದೇ. ಆ ಚೇರ್ ಮಾತ್ರ ಕ್ಲಬ್‌ದು, ವಾಪಸ್ ಕೊಡಿ."

ಗಂಟು ಯಾರಿಂದಲೂ ಬಿಚ್ಚಲಾಗಲಿಲ್ಲ. ಮನೆಗೆ ಹೋಗಿ ಕತ್ತರಿ ಹಾಕುವುದೆಂದಾಯಿತು. ಕುರ್ಚಿಯನ್ನು ಬೆನ್ನಿಗೆ ಹೊತ್ತೇ ಬಸವಂತಪ್ಪ ಟ್ರ್ಯಾಮು ಹತ್ತಿದ, ಮತ್ತು ಮನೆಯವರೆಗೂ ನಿಂತೇ ಹೋದ.