ಕದಾ ಮುಂದ ಮಾಡ್ರಿ

ಕೋವಿಡ್ ಕಾಲದ ಮಾಸ್ಕುಗಳು ಜನರ ಮುಖದಿಂದ ಇಳಿದು ಒಂದು ವರ್ಷವಾಗಿದ್ದೀತು. ನಾನಾಗ ಜಿಲ್ಲಾ ಮಾನಸಿಕ ಆರೋಗ್ಯ ತಂಡದಲ್ಲಿ ಆಪ್ತ ಸಮಾಲೋಚಕಿಯಾಗಿದ್ದೆ. ನಿವೃತ್ತಿಗೆ ಎರಡು ವರ್ಷ ಬಾಕಿ ಇತ್ತು. ಒಬ್ಬ ಮನೋವೈದ್ಯರು, ಒಬ್ಬ ನರ್ಸ್, ನಾನು ಮತ್ತು ಒಂದು ಹಳೆಯ ಜೀಪು, ಇಷ್ಟೇ ನಮ್ಮ ತಂಡ. ಒಂದು ವಾರ ಇಂಡಿ, ಮರುವಾರ ಸಿಂದಗಿ, ಆಮೇಲೆ ಮುದ್ದೇಬಿಹಾಳ, ಕೊನೆಗೆ ಬಸವನ ಬಾಗೇವಾಡಿ. ತಾಲ್ಲೂಕು ಆಸ್ಪತ್ರೆಯವರು ಯಾವುದಾದರೂ ಕೋಣೆ ಬಿಟ್ಟುಕೊಟ್ಟರೆ ಅಲ್ಲಿ ನಮ್ಮ ಅಂಗಡಿ ತೆರೆಯುತ್ತಿತ್ತು.

ಜನ ನಮ್ಮ ಜೀಪಿಗೆ ‘ತಲಿ ಡಾಕ್ಟರ ಗಾಡಿ’ ಎಂದು ಹೆಸರಿಟ್ಟಿದ್ದರು. ಪರಿಚಿತರ ಕಣ್ಣಿಗೆ ಬೀಳಬಾರದೆಂದು ಇಂಡಿಯವರು ಸಿಂದಗಿಗೆ ಬರುತ್ತಿದ್ದರು, ಸಿಂದಗಿ ಕಡೆಯ ದೇವಣಗಾಂವದವರು ಇಂಡಿಗೆ ಹೋಗುತ್ತಿದ್ದರು. ನಾನು ಝಳಕಿಯವಳು. ಹೆದ್ದಾರಿಯ ಬದಿಗೆ, ಲಾರಿಗಳ ಸದ್ದಿನ ಮೇಲೆ ಮಾತಾಡುತ್ತ ಬೆಳೆದವಳು. ಸಮಾಲೋಚಕಿಗೆ ಇರಬೇಕಾದ ಮೆತ್ತಗಿನ ದನಿ ನನಗೆ ಕೊನೆಯವರೆಗೂ ಬರಲಿಲ್ಲ. ಆದರೂ ಜನ ಬರುತ್ತಿದ್ದರು. ಬೈದು ಹೇಳುವ ಅಕ್ಕ ಒಬ್ಬಳು ಎಲ್ಲರಿಗೂ ಬೇಕಾಗುತ್ತಾಳೇನೋ.

ಬಾಗೇವಾಡಿಯ ಸರದಿ ಇದ್ದ ಒಂದು ದಿನ ಆಸ್ಪತ್ರೆಯ ವೈದ್ಯರು ಒಬ್ಬ ಹೆಣ್ಣುಮಗಳನ್ನು ನಮ್ಮ ಕೋಣೆಗೆ ಕಳಿಸಿದರು. ಆಕೆಯನ್ನು ಸುಗಲಾಬಾಯಿ ಎಂದು ಕರೆಯುತ್ತೇನೆ. ಇದನ್ನು ಬರೆಯುತ್ತೇನೆಂದಾಗ ಆಕೆ, “ಹೆಸರು ಬದಲ್ ಮಾಡ್ರಿ, ಮಾತು ಬದಲ್ ಮಾಡಬ್ಯಾಡ್ರಿ” ಎಂದು ಅಪ್ಪಣೆ ಕೊಟ್ಟಿದ್ದಾಳೆ. ಹೂವಿನ ಹಿಪ್ಪರಗಿಯ ಆಚೆಗಿನ ಹಳ್ಳಿ. ವಯಸ್ಸು ನಲವತ್ತೈದರ ಆಸುಪಾಸು. ಗಂಡ ಪುಣೆಯಲ್ಲಿ ಕಟ್ಟಡದ ಕೆಲಸಕ್ಕಿದ್ದ. ಜೊತೆಗೆ ಬಂದವನು ಮೈದುನ ಪರಸಪ್ಪ. ಅತ್ತಿಗೆಯನ್ನು ವೈನಿ ಎಂದು ಬಾಯಿ ತುಂಬ ಕರೆಯುವ ಒಳ್ಳೆಯ ಹುಡುಗ. ಆದರೆ ವೈನಿಯನ್ನು ಕೇಳಿದ ಪ್ರಶ್ನೆಗೆಲ್ಲ ಅವನೇ ಉತ್ತರ ಕೊಡುತ್ತಿದ್ದ.

“ದಮ್ಮ ಐತ್ರಿ ಅಕ್ಕಾರ, ಭಾಳ ವರ್ಷದಿಂದ” ಎಂದ ಪರಸಪ್ಪ. ಸುಗಲಾಬಾಯಿ ಸೆರಗಿನ ಗಂಟಿನಿಂದ ಅಸ್ತಮಾದ ಪಂಪ್ ತೆಗೆದು ತೋರಿಸಿದಳು.

ನಮ್ಮ ಕಡೆ ದಮ್ಮು ಎಂದರೆ ಅಸ್ತಮಾ. ದಿನ್ನೆ ಏರಿದಾಗಿನ ಏದುಸಿರೂ ದಮ್ಮೇ, ಗಾಬರಿಯಲ್ಲಿ ಗಂಟಲಿಗೆ ಸಿಕ್ಕಿಕೊಳ್ಳುವ ಉಸಿರೂ ದಮ್ಮೇ. ‘ದಮ್ಮ ಹತ್ತತೈತಿ’ ಎಂದು ಆಕೆ ಹೇಳಿದ್ದಳು, ಪಂಪ್ ಸಿಕ್ಕಿತ್ತು. ಈಗ ಎದೆಯ ಎಕ್ಸ್‌ರೇ ಸ್ವಚ್ಛವಾಗಿ ಬಂದಿತ್ತು. ದಮ್ಮು ಮಾತ್ರ ಹೋಗಿರಲಿಲ್ಲ.

ಪರಸಪ್ಪನನ್ನು ಚಹಾ ತರಲು ಕಳಿಸಿ ನಾನು ಕೇಳಿದೆ: “ಎಲ್ಲೆಲ್ಲಿ ಬರತೈತ್ರಿ ಈ ದಮ್ಮ?”

“ಸರ್ಕಾರಿ ಬಸ್ಸಿನ್ಯಾಗ ಬರತೈತ್ರಿ. ಬ್ಯಾಂಕಿನ ಒಳಗ ಬರತೈತಿ. ಮದವಿ ಹಾಲಿನ್ಯಾಗ ಬರತೈತಿ. ಎದಿ ಡಬಡಬ ಅಂತೈತಿ, ಕೈಕಾಲು ತಣ್ಣಗಾಗತಾವು. ಇನ್ನ ಸತ್ತೆ ಅನಸತೈತಿ.”

“ತೊಗರಿ ರಾಶಿ ಮಾಡುವಾಗ?”

“ಹೊಲದಾಗ ಏನೂ ಆಗೂದಿಲ್ರಿ. ಅಲ್ಲಿ ಯಾಕ ಆಗತೈತಿ?”

ತೊಗರಿ ಒಕ್ಕುವ ರಾಶಿಯ ಧೂಳಿಗೆ ಬಾರದ ಅಸ್ತಮಾ ಬಸ್ಸಿನ ಬಾಗಿಲಿಗೆ ಬರುತ್ತದೆಂದರೆ ಅದು ಅಸ್ತಮಾ ಅಲ್ಲ. ಅದಕ್ಕೆ ಕ್ಲಾಸ್ಟ್ರೋಫೋಬಿಯಾ ಎನ್ನುತ್ತಾರೆ. ಮುಚ್ಚಿದ ಅಥವಾ ಇಕ್ಕಟ್ಟಾದ ಜಾಗದಲ್ಲಿ, ಇಲ್ಲಿಂದ ಹೊರಗೆ ಹೋಗಲಾರೆ ಎಂದು ಹುಟ್ಟುವ ವಿಪರೀತ ಭಯ ಅದು. ಮನಸ್ಸಿಗೆ ಬಂದ ಭಯವನ್ನು ಮೈ ನಿಜವೆಂದು ನಂಬಿಬಿಡುತ್ತದೆ. ಧೈರ್ಯಕ್ಕೂ ಇದಕ್ಕೂ ಸಂಬಂಧವಿಲ್ಲ. ಸುಗಲಾಬಾಯಿ ಹೊಲದಲ್ಲಿ ಹಾವು ಬಂದರೆ ಕೋಲು ಹಿಡಿದು ಮುಂದೆ ಹೋಗುವವಳು. ಊರಿಂದ ಬಾಗೇವಾಡಿಗೆ ಬರುವಾಗ ಮಾತ್ರ ಬಸ್ಸು ಬಿಟ್ಟು, ಬದಿಗಳು ತೆರೆದಿರುವ ಟಂಟಂ ಆಟೋದ ಅಂಚಿನಲ್ಲಿ ಒಂದು ಕಾಲು ಹೊರಗೆ ಹಾಕಿ ಕೂತು ಬರುತ್ತಿದ್ದಳು. ನಮ್ಮ ಕೋಣೆಗೂ ಆಕೆ ಬಂದಿರಲಿಲ್ಲ ಎನ್ನಬೇಕು. ಕುರ್ಚಿಯನ್ನು ಬಾಗಿಲಿಗೆ ಎಳೆದುಕೊಂಡು, ಅರ್ಧ ಮೈ ಪಡಸಾಲೆಯಲ್ಲಿಟ್ಟು ಕೂತಿದ್ದಳು.

ಇಂಥ ಭಯಕ್ಕೆ ಎಲ್ಲೋ ಒಂದು ಬೇರು ಇರುತ್ತದೆಂದು ಹುಡುಕುವುದು ನಮ್ಮ ವೃತ್ತಿಯ ಚಾಳಿ. ನಮ್ಮ ಸೀಮೆಯಲ್ಲಿ ಜೋಳ ತುಂಬಿಡುವ ನೆಲದೊಳಗಿನ ಗುಂಡಿ ಇರುತ್ತದಲ್ಲ, ಹಗೇವು, ಅದರೊಳಗೆ ಮಕ್ಕಳನ್ನು ಇಳಿಸುತ್ತಿದ್ದ ಕಥೆಗಳನ್ನು ಬಹಳ ಕೇಳಿದ್ದೆ. “ಸಣ್ಣಕಿ ಇದ್ದಾಗ ಹಗೇವಿನ್ಯಾಗ ಇಳಿದು ಅಂಜಿದ್ರೇನು?” ಎಂದೆ.

ಆಕೆ ನಕ್ಕಳು. “ಹಗೇವು ತುಂಬುವಷ್ಟು ಜ್ವಾಳ ನಮ್ಮನ್ಯಾಗ ಎಲ್ಲಿದ್ದುವು ಅಕ್ಕಾರ?”

ಬೇರು ಸಿಗಲಿಲ್ಲ. ಸಿಗಲೇಬೇಕೆಂದೂ ಇಲ್ಲ. ಬೇರು ಕಾಣದಿದ್ದರೂ ಗಿಡ ಬಗ್ಗಿಸಬಹುದು.

ಇಷ್ಟು ವರ್ಷ ಟಂಟಂನಲ್ಲಿ ಸಾಗಿದ್ದ ಬದುಕು ಈಗ ಯಾಕೆ ಆಸ್ಪತ್ರೆಗೆ ಬಂತು ಎಂದು ಕೇಳಿದಾಗಲೇ ನಿಜವಾದ ಸಂಗತಿ ಹೊರಬಿತ್ತು. ಸುಗಲಾಬಾಯಿ ಆ ಊರಿನ ಗ್ರಾಮ ಪಂಚಾಯಿತಿಯ ಅಧ್ಯಕ್ಷೆಯಾಗಿದ್ದಳು. ಮೀಸಲಾತಿಯಲ್ಲಿ ಬಂದ ಸ್ಥಾನ. ಬುದ್ಧನ ಪಟವಿರುವ ದಲಿತರ ಓಣಿಯಿಂದ ಆ ಕುರ್ಚಿಗೆ ಹೋದವರಲ್ಲಿ ಆಕೆಯೇ ಮೊದಲನೆಯವಳು. ಸಭೆಯ ಕೋಣೆಗೆ ಇರುವುದು ಒಂದೇ ಬಾಗಿಲು. ಕಿಟಕಿಗಳಿಗೆ ಕಪಾಟು ಅಡ್ಡವಿಟ್ಟಿದ್ದರು. ಸಭೆ ನಡೆಯುವಾಗ ಮಂದಿ ನುಗ್ಗಬಾರದೆಂದು ಒಳಗಿನಿಂದ ಕೊಂಡಿ ಹಾಕುವ ರೂಢಿ. ಮೊದಲ ಸಭೆಯಲ್ಲಿ ಕೊಂಡಿ ಬಿದ್ದ ಸದ್ದಿಗೆ ಆಕೆ ಎದ್ದು ಹೊರಗೆ ಓಡಿದ್ದಳು. ಮುಂದಿನ ಸಭೆಯಿಂದ ಆ ಕುರ್ಚಿಯಲ್ಲಿ ಪರಸಪ್ಪ ಕೂರತೊಡಗಿದ. ಆಕೆ ಹೊರಗಿನ ಕಟ್ಟೆಯ ಮೇಲೆ ಕೂತು ಸಹಿ ಮಾಡುತ್ತಿದ್ದಳು.

“ಮಂದಿ ಏನಂತಾರ?” ಎಂದೆ.

“ಕುರ್ಚಿ ಕೊಟ್ರೂ ಕುಂದ್ರಾಕ ಬರಲಿಲ್ಲ ಅಂತಾರ್ರಿ” ಎಂದು ಆಕೆ ತಲೆ ತಗ್ಗಿಸಿದಳು. ಆ ಮಾತು ಕೇಳಿ ನನಗೆ ಮೈಯೆಲ್ಲ ಉರಿಯಿತು.

ಉರಿಯಲ್ಲೇ ಒಂದು ಸುಲಭದ ಉಪಾಯ ಹೇಳಿದೆ. ಇಂಥ ಭಯವಿರುವವರಿಗೆ ನಾವು ಮೊದಲು ಕೊಡುವ ಸಲಹೆಯೇ ಅದು: ಬಸ್ಸಾಗಲಿ, ಬ್ಯಾಂಕಾಗಲಿ, ಬಾಗಿಲ ಹತ್ತಿರದ ಜಾಗ ಹಿಡಿಯಿರಿ. “ಕುರ್ಚಿ ಬಾಗಲದಾಗ ಹಾಕಿಸಿ ಕುಂದ್ರಿ, ಅಷ್ಟ ಅಲ್ಲೇನು?”

ಸುಗಲಾಬಾಯಿ ತಲೆ ಎತ್ತಿದಳು. ಅಲ್ಲಿಯವರೆಗೆ ಅಂಜಿದ್ದ ಕಣ್ಣು ಅದಲ್ಲವೇ ಅಲ್ಲ. “ಬಾಗಲದಾಗ ನಮ್ಮ ಮಾವ ಕುಂತಾನ್ರಿ ಅಕ್ಕಾರ, ಜನ್ಮ ಪೂರ್ತಿ. ಚಾವಡಿ ಬಾಗಲದಾಗ, ಗೌಡರ ಮನಿ ಬಾಗಲದಾಗ. ನಾನೂ ಅಲ್ಲೇ ಕುಂದ್ರೂದಾದ್ರ ಇಲೆಕ್ಷನ್‌ಗೆ ಯಾಕ ನಿಂದ್ರಬೇಕಿತ್ತು?”

ಪುಸ್ತಕದ ಸಲಹೆ ಪುಸ್ತಕಕ್ಕೆ ಸರಿಯಿತ್ತು, ಈ ಹೆಣ್ಣಿಗಲ್ಲ. ಆಕೆ ಕೂರಬೇಕಾದದ್ದು ಬಾಗಿಲಿಂದ ಎಲ್ಲಕ್ಕಿಂತ ದೂರದ, ಒಳಗೋಡೆಗೆ ಹತ್ತಿದ ಆ ಕುರ್ಚಿಯಲ್ಲೇ.

ಚಿಕಿತ್ಸೆಗೆ ಗ್ರೇಡೆಡ್ ಎಕ್ಸ್‌ಪೋಶರ್ ಎಂಬ ಕ್ರಮವಿದೆ. ಹೆದರಿಸುವ ಜಾಗಕ್ಕೆ ಒಮ್ಮೆಲೇ ನೂಕದೆ, ಮೆಟ್ಟಿಲು ಮೆಟ್ಟಿಲಾಗಿ ಒಯ್ಯುವುದು. ಪ್ರತಿ ಮೆಟ್ಟಿಲಲ್ಲೂ ಭಯ ಏರಿ ತಾನಾಗಿ ಇಳಿಯುವವರೆಗೆ ಅಲ್ಲೇ ಇರಿಸುವುದು. “ಹೊಲದಾಗ ಸುಳಿಗಾಳಿ ಬಂದ್ರ ಏನ ಮಾಡ್ತೀರಿ?” ಎಂದು ಕೇಳಿದೆ. “ಕಣ್ಣ ಮುಚ್ಚಿ ನಿಂದ್ರತೇನ್ರಿ. ಹೋಗೇ ಹೋಕ್ಕೈತಿ” ಎಂದಳು. “ಇದೂ ಹಂಗ” ಎಂದೆ. ಒಪ್ಪಿದಳು. ಆದರೆ ಮೊದಲ ಮೆಟ್ಟಿಲಿಗೇ ಎಡವಿದೆವು. ಮುಂದಿನ ಸರದಿಯಲ್ಲಿ ಆಕೆಯನ್ನು ಒಳಗೆ ಕೂರಿಸಿ ನಮ್ಮ ಡಾಕ್ಟರು, “ಸಿಸ್ಟರ್, ಬಾಗಿಲು ಹಾಕಿ” ಎಂದದ್ದೇ ತಡ, ಆಕೆ ಪಡಸಾಲೆ ದಾಟಿ ಬೇವಿನ ಗಿಡದ ಕೆಳಗಿದ್ದಳು.

ಅದರ ಮುಂದಿನ ಸರದಿಯಲ್ಲಿ, ಬಾಗಿಲು ತೆರೆದಿಟ್ಟು ಆಕೆಯನ್ನು ಒಳಗೆ ಕೂರಿಸಿದಾಗ, ಒಂದು ಸಣ್ಣ ಸಂಗತಿ ನಡೆಯಿತು. ಪಡಸಾಲೆಯಲ್ಲಿ ಲಸಿಕೆ ಹಾಕಿಸಿಕೊಂಡ ಮಕ್ಕಳ ಗದ್ದಲ. ಸುಗಲಾಬಾಯಿಯ ಮಾತೇ ಕೇಳಿಸುತ್ತಿರಲಿಲ್ಲ. ಮುದ್ದೇಬಿಹಾಳದವಳಾದ ನಮ್ಮ ನರ್ಸ್, “ಅಕ್ಕಾರ, ಕದಾ ಮುಂದ ಮಾಡ್ಲ್ಯಾ?” ಎಂದಳು. ನಾನು ಯೋಚಿಸದೆಯೇ ಗೋಣು ಹಾಕಿದೆ. ಕದ ಚೌಕಟ್ಟಿಗೆ ತಾಗಿತು, ಕೋಣೆ ಕತ್ತಲಾಯಿತು. ಸುಗಲಾಬಾಯಿ ತನ್ನ ಮಾತು ಮುಂದುವರಿಸುತ್ತಲೇ ಇದ್ದಳು! ಎದ್ದಿಲ್ಲ, ಪಂಪ್ ಹುಡುಕಿಲ್ಲ.

ತುಮಕೂರಿನ ಕಡೆಯವರಾದ ನಮ್ಮ ಡಾಕ್ಟರಿಗೆ ಏನೂ ತಿಳಿಯಲಿಲ್ಲ. ಆಮೇಲೆ ಕೇಳಿದರು: “ಕದ ಮುಂದೆ ಮಾಡೋದು ಅಂದ್ರೆ ಏನ್ ಮೇಡಂ? ಎಲ್ಲಿಗೆ ಮುಂದೆ?”

ನಮ್ಮ ಕಡೆ ಕದಕ್ಕೆ ಎರಡು ಮಾತುಗಳಿವೆ. ಕದ ಹಾಕುವುದು ಎಂದರೆ ಮುಚ್ಚಿ ಕೊಂಡಿ ಜಡಿಯುವುದು. ಕದ ಮುಂದೆ ಮಾಡುವುದು ಎಂದರೆ ಸುಮ್ಮನೆ ಎಳೆದು ತಾಗಿಸುವುದು. ನೆರೆಮನೆಗೆ ಸಾಸಿವೆ ಕೇಳಲು ಹೊರಟ ನನ್ನ ಅವ್ವ, “ಕದಾ ಮುಂದ ಮಾಡಿ ಬಾ” ಎನ್ನುತ್ತಿದ್ದಳು. ನಾಯಿ ಬರಬಾರದು, ಮನುಷ್ಯರು ಬರಬಹುದು. ಹುಟ್ಟಿದಂದಿನಿಂದ ಕೇಳಿದ ಮಾತು, ಅದರೊಳಗೆ ಔಷಧ ಇದ್ದದ್ದು ನನಗೆ ಅವತ್ತೇ ಹೊಳೆದದ್ದು. ಸುಗಲಾಬಾಯಿಗೆ ಅಂಜಿಕೆ ಇದ್ದದ್ದು ಕೋಣೆಯದಲ್ಲ, ಕತ್ತಲೆಯದಲ್ಲ, ಮಂದಿಯದೂ ಅಲ್ಲ. ಕೊಂಡಿಯದು. ತಳ್ಳಿದರೆ ತೆರೆಯುತ್ತದೆ ಎಂಬುದು ಗೊತ್ತಿದ್ದರೆ ಆಕೆಗೆ ಉಸಿರಿಗೆ ತೊಂದರೆ ಇರಲಿಲ್ಲ.

ನಮ್ಮ ಮೆಟ್ಟಿಲುಗಳನ್ನೆಲ್ಲ ಈ ಮಾತಿನ ಮೇಲೆ ಕಟ್ಟಿದೆವು. ಮುಂದೆ ಮಾಡಿದ ಕದದ ಕೋಣೆಯಲ್ಲಿ ಕೂರುವುದು. ಆಮೇಲೆ ಆಕೆಯೇ ಕೊಂಡಿ ಹಾಕಿ, ಆಕೆಯೇ ತೆಗೆಯುವುದು. ಅದಾದ ಮೇಲೆ ಬಾಗೇವಾಡಿಯ ನಿಲ್ದಾಣದಲ್ಲಿ ನಿಂತ ಖಾಲಿ ಬಸ್ಸು. ಬಸ್ಸಿನ ಬಾಗಿಲನ್ನೂ ತಾನೇ ತೆರೆದು ಹಾಕಿ ನೋಡಿದಳು. ಕಂಡಕ್ಟರು, “ಏನ್ ಬಾಯಿ, ಬಸ್ ಖರೀದಿ ಮಾಡ್ತೀರೇನು?” ಎಂದು ಚೇಷ್ಟೆ ಮಾಡಿದ. “ರೇಟ್ ಹೇಳ್ರಿ” ಎಂದಳು. ಬಸ್ಸು ಹೊರಟಾಗ ನಾವಿಬ್ಬರೂ ನಗುತ್ತ ಮುಂದಿನ ನಿಲ್ದಾಣದವರೆಗೆ ಹೋಗಿ ಇಳಿದೆವು.

ಎಲ್ಲ ಇಷ್ಟು ಸಲೀಸಾಗಿ ನಡೆಯಿತೆಂದು ತಿಳಿಯಬೇಡಿ. ಸಂತೆಯ ದಿನ ಒಬ್ಬಳೇ ಬಸ್ಸು ಹತ್ತಿದ್ದಾಳೆ. ‘ಒಳಗ ಸರೀರಿ, ಒಳಗ ಸರೀರಿ’ ಎನ್ನುತ್ತ ಮಂದಿ ಆಕೆಯನ್ನು ನಡುವಿಗೆ ನೂಕಿದ್ದಾರೆ. ಬಾಗಿಲು ಕಣ್ಣಿಗೆ ಕಾಣದಾದಾಗ ಚೀರಿ ಬಸ್ಸು ನಿಲ್ಲಿಸಿ ಇಳಿದು, ಬಿಸಿಲಿನಲ್ಲಿ ಅಳುತ್ತ ಮನೆಗೆ ನಡೆದಿದ್ದಾಳೆ. ಮುಂದಿನ ಸರದಿಗೆ ಬರಲೇ ಇಲ್ಲ. ಪರಸಪ್ಪ ಬಂದ. “ವೈನಿ ರಾಜೀನಾಮೆ ಕೊಡ್ತೇನಿ ಅನ್ನಾಕತ್ತಾಳ್ರಿ. ನಾ ಕುರ್ಚಿ ಮ್ಯಾಲ ಕುಂತ್ರ ಮಂದಿ ನನಗ ನಮಸ್ಕಾರ ಮಾಡ್ತಾರ, ಅಕಿ ಕಟ್ಟಿ ಮ್ಯಾಲ ಕುಂತಿರತಾಳ. ನನಗ ನಾಚಿಕಿ ಬರತೈತ್ರಿ.” ಆ ಹುಡುಗನ ಮೇಲೆ ನನಗಿದ್ದ ಸಿಟ್ಟು ಅಲ್ಲಿಗೆ ಇಳಿಯಿತು. “ಹಂಗಾದ್ರ ಮುಂದಿನ ಸಭಾದ ದಿನ ನೀ ಒಳಗ ಹೋಗಬ್ಯಾಡ. ಉಳಿದದ್ದು ಅಕಿಗೆ ಬಿಡು” ಎಂದೆ. ಆಕೆಗೂ ಫೋನ್ ಮಾಡಿದೆ. ಸಮಾಧಾನ ಹೇಳಲಿಲ್ಲ. ಸುಳಿಗಾಳಿ ಎರಡನೆಯ ಸಲ ಬಂತೆಂದು ಯಾರೂ ಹೊಲ ಮಾರುವುದಿಲ್ಲ ಎಂದು ಬೈದೆ.

ಹಳ್ಳಿಗಳಲ್ಲಿ ಅರಿವು ಮೂಡಿಸುವ ಭಾಷಣ ಮಾಡುವುದೂ ನಮ್ಮ ಕೆಲಸದ ಭಾಗವೇ ಆಗಿತ್ತು. ಆ ಪಂಚಾಯಿತಿಯ ಸಭೆಗೆ ಅದೇ ನೆಪದಲ್ಲಿ ನರ್ಸ್ ಜೊತೆ ಹೋದೆ. ಸದಸ್ಯರೆಲ್ಲ ಬಂದರು. ಪರಸಪ್ಪ ಹೊರಗಿನ ಕಟ್ಟೆಯ ಮೇಲೆ ಕೂತ. ಸುಗಲಾಬಾಯಿ ಇಸ್ತ್ರಿ ಮಾಡಿದ ಸೀರೆಯುಟ್ಟು ಬಂದು, ಕೋಣೆಯ ಉದ್ದಕ್ಕೂ ನಡೆದು, ಒಳಗೋಡೆಯ ಕುರ್ಚಿಯಲ್ಲಿ ಕೂತಳು. ಕಾರ್ಯದರ್ಶಿ ರೂಢಿಯಂತೆ ಎದ್ದು ಕೊಂಡಿ ಹಾಕಿದ.

ಆ ಸದ್ದಿಗೆ ಆಕೆಯ ಮುಖದ ರಕ್ತವೇ ಇಳಿಯಿತು. ಕೈ ಮೇಜಿನ ಅಂಚು ಹಿಡಿಯಿತು. ಎದ್ದು ಓಡುತ್ತಾಳೆ ಎಂದುಕೊಂಡೆ. ಆಕೆ ಕಣ್ಣು ಮುಚ್ಚಿದಳು. ಸ್ವಲ್ಪ ಹೊತ್ತು ಹಾಗೇ ಇದ್ದಳು. ಆಮೇಲೆ ಕಣ್ಣು ತೆರೆದು, “ಕದಾ ಯಾಕ ಹಾಕೀರಿ?” ಎಂದಳು.

“ಮೊದಲಿಂದ ರೂಢಿ ಐತ್ರಿ” ಎಂದ ಕಾರ್ಯದರ್ಶಿ.

ಹಿರಿಯ ಸದಸ್ಯರೊಬ್ಬರು ಮೀಸೆಯಲ್ಲೇ ನಕ್ಕರು. “ಅಧ್ಯಕ್ಷರಿಗೆ ದಮ್ಮ ಹತ್ತಿದ್ರ ಬಾಗಲದಾಗ ಕುಂದರ್ಲಿ ಬಿಡ್ರಿ. ಗಾಳಿ ಬರತೈತಿ.”

“ಬಾಗಲದಾಗ ನಾ ಕುಂದ್ರೂದಿಲ್ರಿ ಕಾಕಾರ.” ದನಿ ನಡುಗುತ್ತಿತ್ತು, ಆದರೆ ನಿಲ್ಲಲಿಲ್ಲ. “ಕೊಂಡಿ ಹಾಕಿದ್ರ ನನಗ ಜೀವಾ ಹಾರತೈತಿ. ಅದೊಂದು ಬ್ಯಾನಿ ಐತಿ, ಔಷಧ ಮಾಡಸಾಕತ್ತೇನಿ. ಮುಚ್ಚಿಡೂದೇನೈತಿ? ಮಂದಿ ಆರಿಸಿದ ಪಂಚಾಯ್ತಿಗೆ ಮಂದೀನ ಬರಬಾರದಂದ್ರ ಹೆಂಗ? ಕೊಂಡಿ ತಗೀರಿ. ಕದಾ ಮುಂದ ಮಾಡ್ರಿ.”

ಕಾರ್ಯದರ್ಶಿ ಹಿರಿಯರ ಮುಖ ನೋಡಿದ. ಹಿರಿಯರು ಮೇಜು ನೋಡಿದರು. ಕೊಂಡಿ ತೆಗೆದದ್ದಾಯಿತು.

ಸಭೆ ಶುರುವಾಗಿ ಎರಡನೆಯ ವಿಷಯ ಓದುವ ಹೊತ್ತಿಗೆ ಕದ ಕಿರ್ ಎಂದು ಸರಿಯಿತು. ತಲೆಗೆ ಪಟಕಾ ಸುತ್ತಿದ ಮುದುಕನೊಬ್ಬ ಇಣುಕಿದ. ಸುಗಲಾಬಾಯಿಯ ಮಾವ. ಸೊಸೆ ಕುರ್ಚಿಯಲ್ಲಿ ಕೂತಿದ್ದಾಳೆಂದು ಪರಸಪ್ಪ ಹೇಳಿದ್ದನ್ನು ನಂಬದೆ ನೋಡಲು ಬಂದಿದ್ದ. ನೋಡಿದ. ನೋಡಿ, ಕೋಲನ್ನು ಪಕ್ಕಕ್ಕಿಟ್ಟು, ಹೆಗಲ ಮೇಲಿನ ವಸ್ತ್ರ ಹಾಸಿ, ಹಳೆಯ ರೂಢಿಯಂತೆ ಬಾಗಿಲಲ್ಲೇ ಕೂರಲು ಬಗ್ಗಿದ.

ಓದುತ್ತಿದ್ದ ಕಾರ್ಯದರ್ಶಿ ನಿಲ್ಲಿಸಿದ. ಸುಗಲಾಬಾಯಿ ಕುರ್ಚಿಯಿಂದಲೇ ಕೂಗಿದಳು: “ಮಾವಾರ, ಬಾಗಲದಾಗ ಬ್ಯಾಡ್ರಿ. ನೀವು ಅಲ್ಲಿ ಕುಂತ್ರ ನನಗ ಗಾಳಿ ಎಲ್ಲಿಂದ ಬರಬೇಕು? ಒಳಗ ಬರ್ರಿ.”

ಮುದುಕ ಒಳಗೆ ಬಂದ. ನನ್ನ ಪಕ್ಕದ ಕುರ್ಚಿ ಖಾಲಿ ಇತ್ತು. ಕೂತ ಮೇಲೆ ಬಹಳ ಹೊತ್ತು ತನ್ನ ಅಂಗೈ ನೋಡಿಕೊಳ್ಳುತ್ತಿದ್ದ. ಆಮೇಲೆ ನಾನು ಭಾಷಣ ಮಾಡಲು ಎದ್ದೆ. ಅವತ್ತು ಮೊದಲ ಸಲ ನನ್ನ ದನಿ ಮೆತ್ತಗಾಗಿತ್ತೆಂದು ಆಮೇಲೆ ನರ್ಸ್ ಹೇಳಿ ನಕ್ಕಳು.

ಸುಗಲಾಬಾಯಿಯ ಭಯ ಪೂರ್ತಿ ಹೋಗಿಲ್ಲ. ವಿಜಯಪುರದ ಕಚೇರಿಗಳಿಗೆ ಬಂದರೆ ಲಿಫ್ಟ್ ಬಿಟ್ಟು ಮೆಟ್ಟಿಲು ಹತ್ತುತ್ತಾಳೆ. ಸಂತೆಯ ದಿನ ಬಸ್ಸು ತುಂಬಿದ್ದರೆ ಮುಂದಿನದಕ್ಕೆ ಕಾಯುತ್ತಾಳೆ. ಹೋಗಲಿ ಬಿಡಿ, ಲಿಫ್ಟಿನಲ್ಲಿ ಯಾವ ಕುರ್ಚಿಯೂ ಇಲ್ಲವಲ್ಲ.

ನನಗೆ ಈ ಕೆಲಸ ಕಲಿಸಿದ್ದು ಇಷ್ಟು. ಅಂಜಿದವರಿಗೆ ಬಾಗಿಲು ತೋರಿಸುವ ಮೊದಲು, ಆ ಬಾಗಿಲಲ್ಲಿ ಅವರ ಮನೆಯವರು ಯಾರು ಯಾರು ಕೂತಿದ್ದರೆಂದು ಕೇಳಬೇಕು. ಅಂದಿನಿಂದ ನಿವೃತ್ತಿಯ ದಿನದವರೆಗೆ ನನ್ನ ಕೋಣೆಗೆ ಬಂದ ಪ್ರತಿಯೊಬ್ಬರಿಗೂ ಹೆಸರು ಕೇಳುವ ಮೊದಲು ಒಂದು ಮಾತು ಕೇಳಿದ್ದೇನೆ: “ಕದಾ ಹಾಕ್ಲ್ಯೋ, ಮುಂದ ಮಾಡ್ಲ್ಯೋ?”